ಹಾಲಿಗೆ ಸಿಕ್ಕ ವ್ಯವಸ್ಥೆ ಹುರಿಹಿಟ್ಟಿಗೂ ಸಿಗಲಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ: ಮನೆಯಲ್ಲೇ ಉದ್ಯಮ ನಡೆಸುವವರಿಗೆ ಏನೇನಿದೆ, ಇನ್ನೇನು ಬೇಕು

ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಯಾವ ಊರಿಗೆ ಹೋದರೂ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಮನೆಗಳಿವೆ. ಎರಡು ಹಸು, ಒಂದು ಕೊಟ್ಟಿಗೆ, ಗದ್ದೆ ಬದುವಿನ ಹಸಿಹುಲ್ಲು ಇಷ್ಟೇ ಬಂಡವಾಳ. ಇದನ್ನು ಉದ್ಯಮ ಎಂದು ಯಾರೂ ಕರೆಯುವುದಿಲ್ಲ. ಆದರೆ ಮನೆಯಲ್ಲಿದ್ದುಕೊಂಡು ದುಡಿಯುವ ದಾರಿಗಳಲ್ಲಿ ಇಷ್ಟು ಗಟ್ಟಿಯಾಗಿ ನೆಲೆ ನಿಂತದ್ದು ಮತ್ತೊಂದಿಲ್ಲ. ಕಾರಣ ಸರಳ. ಹಸು ಸಾಕುವುದಷ್ಟೇ ಮನೆಯವರ ಪಾಲಿನ ಕೆಲಸ. ಹಾಲಿನ ಗುಣಮಟ್ಟ ಅಳೆಯುವುದು, ಸಾಗಿಸುವುದು, ಕೆಡದಂತೆ ಕಾಯುವುದು, ಪೊಟ್ಟಣ ಕಟ್ಟುವುದು, ನಂದಿನಿ ಎಂಬ ಹೆಸರಿನಲ್ಲಿ ಮಾರುವುದು, ಹಣವನ್ನು ಖಾತೆಗೆ ಹಾಕುವುದು, ಇವನ್ನೆಲ್ಲ ಊರಿನ ಹಾಲು ಉತ್ಪಾದಕರ ಸಹಕಾರ ಸಂಘ ಮತ್ತು ಗೆಜ್ಜಲಗೆರೆಯಲ್ಲಿರುವ ಜಿಲ್ಲಾ ಹಾಲು ಒಕ್ಕೂಟ ಮನ್‌ಮುಲ್ ನೋಡಿಕೊಳ್ಳುತ್ತವೆ. ಅದರ ಮೇಲೆ ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ.

ಅದೇ ಮನೆಯ ಹೆಣ್ಣುಮಗಳು ರಾಗಿ ಹುರಿಹಿಟ್ಟು ಮಾಡಿ ಮಾರುತ್ತೇನೆಂದು ಹೊರಟರೆ ಅಳೆಯುವವಳೂ ಸಾಗಿಸುವವಳೂ ಪೊಟ್ಟಣ ಕಟ್ಟುವವಳೂ ಅಂಗಡಿಯವನ ಬಾಕಿಗೆ ಅಲೆಯುವವಳೂ ಅವಳೊಬ್ಬಳೇ. ಅವಳ ಕೈಗೆ ಸಿಗುವುದು ಯೋಜನೆಗಳ ಪಟ್ಟಿ. ಕೇಂದ್ರದ್ದು, ರಾಜ್ಯದ್ದು, ಬ್ಯಾಂಕಿನದು, ನಿಗಮದ್ದು ಎಂದು ಆ ಪಟ್ಟಿ ಉದ್ದವಾಗಿಯೇ ಇದೆ. ಅದರಲ್ಲಿ ಯಾವುದು ಯಾರಿಗೆ, ಯಾವಾಗ, ಯಾವ ಕ್ರಮದಲ್ಲಿ ಎಂದು ಹೇಳುವವರು ಕಡಿಮೆ. ಈ ಲೇಖನದಲ್ಲಿ ಆ ಸಾಧನಗಳನ್ನೆಲ್ಲ ಒಂದೊಂದಾಗಿ ನೋಡಿ, ಅವು ಎಲ್ಲಿ ಕೈಹಿಡಿಯುತ್ತವೆ, ಎಲ್ಲಿ ಕೈಬಿಡುತ್ತವೆ ಎಂದು ತೂಗಿ ನೋಡಿದ್ದೇನೆ.

ನಾಲ್ಕು ತಾಲ್ಲೂಕು, ನಾಲ್ಕು ಬಗೆ

ಮೊದಲು ನೆಲ ತಿಳಿಯಬೇಕು. ಶ್ರೀರಂಗಪಟ್ಟಣ ಮತ್ತು ಪಾಂಡವಪುರದ ಬಹುಭಾಗ ಕನ್ನಂಬಾಡಿ ಕಟ್ಟೆಯ ನಾಲೆ ನೀರಿನ ಸೀಮೆ; ಭತ್ತ, ಕಬ್ಬು, ಬೆಲ್ಲದ ನಾಡು. ಕೆ.ಆರ್. ಪೇಟೆಗೆ ಹೇಮಾವತಿಯ ನೀರು ಒಂದಷ್ಟು ಭಾಗಕ್ಕೆ ಬಂದಿದೆ, ಉಳಿದದ್ದು ಮಳೆ ನಂಬಿದ ಹೊಲ. ನಾಗಮಂಗಲ ಒಣ ಸೀಮೆ. ರಾಗಿ, ಹುರುಳಿ, ತೆಂಗು ಅಲ್ಲಿನ ಆಸರೆ. ಹಾಗಾಗಿ ಪಾಂಡವಪುರದ ಮನೆಗೆ ಬೆಲ್ಲದ ಪುಡಿ, ಕಡಲೆಮಿಠಾಯಿ ಸುಲಭ. ನಾಗಮಂಗಲದ ಮನೆಗೆ ಹುರುಳಿ, ಹುರಿಹಿಟ್ಟು, ಕೊಬ್ಬರಿ, ತೆಂಗಿನ ನಾರು ಹತ್ತಿರ. ನಾಲ್ಕೂ ಕಡೆ ಒಂದೇ ಉಪ್ಪಿನಕಾಯಿ ತರಬೇತಿ ಕೊಟ್ಟು ಪ್ರಮಾಣಪತ್ರ ಹಂಚಿದರೆ ಒಂದೇ ಸರಕು ಒಂದೇ ಅಂಗಡಿಯಲ್ಲಿ ಗುಡ್ಡೆ ಬೀಳುತ್ತದೆ.

ಕೈಕಸುಬಿನಲ್ಲೂ ಊರೂರಿಗೆ ಹೆಸರಿದೆ. ಮೇಲುಕೋಟೆಯ ಪುಳಿಯೋಗರೆ ದೇವಸ್ಥಾನದ ಅಡುಗೆಮನೆಯಿಂದ ಹೊರಬಂದು ಗೊಜ್ಜಿನ ಡಬ್ಬಿಯಾಗಿ ಬೆಂಗಳೂರಿಗೆ ಹೋಗುತ್ತದೆ. ಅಲ್ಲಿನ ಕೈಮಗ್ಗದ ಪಂಚೆಗೂ ಹಳೆಯ ಹೆಸರಿದೆ. ಸುರೇಂದ್ರ ಕೌಲಗಿಯವರು ಕಟ್ಟಿದ ಜನಪದ ಸೇವಾ ಟ್ರಸ್ಟ್ ಖಾದಿ ಮತ್ತು ಕೈಮಗ್ಗವನ್ನು ಅದೇ ಊರಲ್ಲಿ ದಶಕಗಳ ಕಾಲ ಉಳಿಸಿಕೊಂಡು ಬಂದಿದೆ. ನಾಗಮಂಗಲ ಹಿತ್ತಾಳೆ, ಕಂಚಿನ ಕೆಲಸಕ್ಕೆ ಹೆಸರಾದ ಊರು. ಶ್ರೀರಂಗಪಟ್ಟಣಕ್ಕೆ ದೇವರ ದರ್ಶನಕ್ಕೆ, ಕೋಟೆ ನೋಡಲಿಕ್ಕೆ, ಕಾವೇರಿಯಲ್ಲಿ ಪಿತೃಕಾರ್ಯಕ್ಕೆ ಬರುವವರು ವರ್ಷವಿಡೀ ಇರುತ್ತಾರೆ. ಇವೆಲ್ಲದರ ಜೊತೆಗೆ ಯಾವ ಊರಲ್ಲೂ ಕಾಣುವ ಹೊಲಿಗೆ, ಸೀರೆಗೆ ಕುಚ್ಚು ಕಟ್ಟುವುದು, ಹೂ ಕಟ್ಟುವುದು, ಬ್ಯೂಟಿ ಪಾರ್ಲರ್, ಮನೆಪಾಠ, ಟೈಪಿಂಗ್ ಸೇರಿಸಿದರೆ ಮನೆ ಉದ್ಯಮದ ಚಿತ್ರ ಪೂರ್ತಿಯಾಗುತ್ತದೆ.

ಮೊದಲ ಸಾಧನ ಲೆಕ್ಕದ ಪುಸ್ತಕ

ಮನೆ ಉದ್ಯಮ ಶುರುಮಾಡುವವರು ಮೊದಲು ಕೇಳುವುದು ಸಾಲ ಎಲ್ಲಿ ಸಿಗುತ್ತದೆ ಎಂದು. ಅದಕ್ಕಿಂತ ಮೊದಲು ಕೇಳಬೇಕಾದದ್ದು ಒಂದು ಕೆ.ಜಿ. ಸರಕಿಗೆ ನನಗೆ ಬೀಳುವ ಖರ್ಚೆಷ್ಟು ಎಂದು. ಒಂದು ಉದಾಹರಣೆ ಹಾಕಿ ನೋಡೋಣ. ಇಬ್ಬರು ಹೆಂಗಸರು ಸೇರಿ ದಿನಕ್ಕೆ 10 ಕೆ.ಜಿ. ಚಕ್ಕುಲಿ ಮಾಡುತ್ತಾರೆ ಎಂದಿಟ್ಟುಕೊಳ್ಳಿ. ಅಕ್ಕಿಹಿಟ್ಟಿಗೆ 300 ರೂಪಾಯಿ, ಉದ್ದು ಹುರಿಗಡಲೆ ಹಿಟ್ಟಿಗೆ 240, ಎಣ್ಣೆ ಬೆಣ್ಣೆಗೆ 300, ಎಳ್ಳು ಜೀರಿಗೆ ಖಾರದ ಪುಡಿಗೆ 60, ಗ್ಯಾಸಿಗೆ 180, ಕಾಲು ಕೆ.ಜಿ.ಯ 40 ಪೊಟ್ಟಣ ಮತ್ತು ಅದರ ಮೇಲಿನ ಚೀಟಿಗೆ 160, ಆಟೋಗೆ 100. ಒಟ್ಟು 1,340 ರೂಪಾಯಿ. ಅಂಗಡಿಯವರು ಕೆ.ಜಿ.ಗೆ 200ರಂತೆ ಕೊಂಡರೆ ಬರುವುದು 2,000. ಉಳಿದದ್ದು 660.

ಈ 660ನ್ನು ಹೆಚ್ಚಿನವರು ಲಾಭ ಎಂದು ಎಣಿಸುತ್ತಾರೆ. ಆದರೆ ಒಲೆಯ ಮುಂದೆ ನಿಂತ ಇಬ್ಬರ ಇಡೀ ದಿನದ ಕೂಲಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಹಂಚಿದರೆ ತಲೆಗೆ 330. 2025-26ರಲ್ಲಿ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅಂದರೆ ಕೆರೆ ಹೂಳೆತ್ತಲು ಹೋಗಿದ್ದರೆ ಸಿಗುತ್ತಿದ್ದ ಕೂಲಿಯೂ ಈ ಚಕ್ಕುಲಿಯಿಂದ ಹುಟ್ಟಲಿಲ್ಲ. ಮುರಿದ ಚಕ್ಕುಲಿ, ಸವೆದ ಬಾಣಲೆ, ಅಂಗಡಿಯಿಂದ ವಾಪಸು ಬಂದ ಪೊಟ್ಟಣ ಇನ್ನೂ ಹೊರಗಿವೆ. ತಲೆಗೆ 400 ರೂಪಾಯಿ ಕೂಲಿ ಹಿಡಿದರೆ ಅಸಲೇ ಕೆ.ಜಿ.ಗೆ 214 ಆಗುತ್ತದೆ. ಸವಕಳಿ, ನಷ್ಟಕ್ಕೆ ಒಂದಿಷ್ಟು ಸೇರಿಸಿದರೆ 235ಕ್ಕಿಂತ ಕಡಿಮೆಗೆ ಮಾರುವಂತೆಯೇ ಇಲ್ಲ. ಈ ಒಂದು ಪುಟದ ಲೆಕ್ಕ ಹಾಕದೆ ಎರಡು ಲಕ್ಷ ಸಾಲ ತಂದು ದೊಡ್ಡ ಬಾಣಲೆ ಕೊಂಡರೆ ದಿನಕ್ಕೆ ಹತ್ತರ ಬದಲು ಐವತ್ತು ಕೆ.ಜಿ. ಮೇಲೆ ನಷ್ಟ ಬೀಳುತ್ತದೆ.

ಲೆಕ್ಕಕ್ಕೆ ಒಂದು ಉದ್ದ ನೋಟ್‌ಪುಸ್ತಕ ಸಾಕು: ತಂದದ್ದು, ಮಾಡಿದ್ದು, ಕೊಟ್ಟದ್ದು, ಬಂದದ್ದು, ಬಾಕಿ. ಮೊಬೈಲಿನಲ್ಲಿ ಬರೆಯುವ ಅಭ್ಯಾಸವಿದ್ದವರಿಗೆ ಕನ್ನಡದಲ್ಲೇ ಕೆಲಸ ಮಾಡುವ ಖಾತಾಬುಕ್‌ನಂತಹ ಆಪ್‌ಗಳಿವೆ. ಬಾಕಿದಾರರಿಗೆ ನೆನಪಿನ ಸಂದೇಶವನ್ನೂ ಅವು ಕಳಿಸುತ್ತವೆ. ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆದು ರೂಢಿಯಾದ ಹೆಣ್ಣುಮಕ್ಕಳು ಪ್ರತಿ ಊರಲ್ಲೂ ಇದ್ದಾರೆ. 2000ದ ಅಕ್ಟೋಬರ್‌ನಲ್ಲಿ ಶುರುವಾದ ಆ ಯೋಜನೆಯ ದೊಡ್ಡ ಕೊಡುಗೆಗಳಲ್ಲಿ ಲೆಕ್ಕ ಬರೆಯುವ ಕೈಗಳೂ ಒಂದು. ಮನೆಯ ಖರ್ಚು ಒಂದು ಖಾತೆ, ಕಸುಬಿನ ವಹಿವಾಟು ಇನ್ನೊಂದು ಖಾತೆ ಎಂದು ಮೊದಲ ದಿನವೇ ಬೇರ್ಪಡಿಸಿಕೊಂಡರೆ ಮುಂದಿನ ಎಲ್ಲ ಕಾಗದಪತ್ರವೂ ಹಗುರ.

ಕಾಗದಪತ್ರ: ಏನು ಬೇಕು, ಎಷ್ಟು ಖರ್ಚು

ಉದ್ಯಮ ನೋಂದಣಿಯಿಂದ ಶುರುಮಾಡಬಹುದು. 2020ರ ಜುಲೈ 1ರಿಂದ ನಡೆಯುತ್ತಿರುವ 'ಉದ್ಯಮ್' ನೋಂದಣಿ ಆಧಾರ್ ಸಂಖ್ಯೆಯ ಮೇಲೆ ಆಗುತ್ತದೆ, ಸರ್ಕಾರ ಇದಕ್ಕೆ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ಸರ್ಕಾರಿ ಜಾಲತಾಣದಂತೆಯೇ ಕಾಣುವ ಖಾಸಗಿ ಜಾಲತಾಣಗಳು ಸಾವಿರ, ಎರಡು ಸಾವಿರ ಕೇಳುತ್ತವೆ. ಅವುಗಳಿಂದ ದೂರ ಇರಬೇಕು. ತೀರಾ ಸಣ್ಣ ಕಸುಬಿನವರಿಗಾಗಿ 2023ರ ಜನವರಿಯಲ್ಲಿ 'ಉದ್ಯಮ್ ಅಸಿಸ್ಟ್' ಎಂಬ ಇನ್ನೂ ಸುಲಭದ ದಾರಿ ಬಂತು. ಬ್ಯಾಂಕಿನವರ ಮುಂದೆ 'ಮನೇಲಿ ಏನೋ ಮಾಡ್ತೀನಿ ಸಾರ್' ಎನ್ನುವುದಕ್ಕೂ ಈ ಪ್ರಮಾಣಪತ್ರವನ್ನು ಮೇಜಿನ ಮೇಲೆ ಇಡುವುದಕ್ಕೂ ವ್ಯತ್ಯಾಸವಿದೆ: ಆದ್ಯತಾ ವಲಯದ ಸಾಲಕ್ಕೆ ಅದು ಆಧಾರ.

ತಿನ್ನುವ ಯಾವುದೇ ಪದಾರ್ಥ ಮಾರುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಕಡ್ಡಾಯ. 2011ರ ನಿಯಮಾವಳಿ ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ವಹಿವಾಟಿನವರನ್ನು ಸಣ್ಣ ತಯಾರಕರೆಂದು ಬೇರೆ ಮಾಡಿ, ಅವರಿಗೆ ವರ್ಷಕ್ಕೆ ನೂರೇ ರೂಪಾಯಿ ಶುಲ್ಕ ಇಟ್ಟಿತು. ಅರ್ಜಿ ಆನ್‌ಲೈನ್‌ನಲ್ಲಿ ಹೋಗುತ್ತದೆ, 14 ಅಂಕಿಯ ಸಂಖ್ಯೆ ಸಿಗುತ್ತದೆ. ಇಷ್ಟು ಅಗ್ಗದ, ಇಷ್ಟು ಉಪಯೋಗದ ಕಾಗದ ಇನ್ನೊಂದಿಲ್ಲ. ಆ ಸಂಖ್ಯೆ ಇಲ್ಲದ ಪೊಟ್ಟಣವನ್ನು ಮೈಸೂರಿನ ಯಾವ ದೊಡ್ಡ ಅಂಗಡಿಯೂ ಕಪಾಟಿಗೆ ಏರಿಸುವುದಿಲ್ಲ.

ಜಿಎಸ್‌ಟಿ ಬಗ್ಗೆ ಭಯವೇ ಜಾಸ್ತಿ, ತಿಳಿವಳಿಕೆ ಕಡಿಮೆ. ಕರ್ನಾಟಕದಲ್ಲಿ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಡ. 2025ರ ಜುಲೈನಲ್ಲಿ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ರಾಜ್ಯವಿಡೀ ಗಾಬರಿಯಾಯಿತು. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಎಂದು ಬರೆದರು. ಕೊನೆಗೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಸರ್ಕಾರ ಹೇಳಬೇಕಾಯಿತು. ಮನೆ ಉದ್ಯಮದವರು ಇದರಿಂದ ಕಲಿಯಬೇಕಾದದ್ದು ಯುಪಿಐ ಬಿಡುವುದನ್ನಲ್ಲ. ಕಸುಬಿನ ಹಣ ಯಾವುದು, ಚೀಟಿ ಹಣ ಯಾವುದು, ತಮ್ಮ ಕಳಿಸಿದ ಹಣ ಯಾವುದು ಎಂದು ತೋರಿಸಬಲ್ಲ ಪ್ರತ್ಯೇಕ ಖಾತೆ ಇಟ್ಟುಕೊಳ್ಳುವುದನ್ನು. ಒಂದು ಎಚ್ಚರ ಮಾತ್ರ ಬೇಕು: ಹೊರರಾಜ್ಯಕ್ಕೆ ಸರಕು ಮಾರುವವರಿಗೆ 40 ಲಕ್ಷದ ವಿನಾಯಿತಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ರಾಜ್ಯದೊಳಗೆ ಆನ್‌ಲೈನ್ ಮಾರಾಟ ತಾಣಗಳ ಮೂಲಕ ಮಾರುವ ಸಣ್ಣವರಿಗೆ 2023ರ ಅಕ್ಟೋಬರ್ 1ರಿಂದ ಪೂರ್ಣ ನೋಂದಣಿಯ ಬದಲು ಬರೀ ದಾಖಲಾತಿ ಸಂಖ್ಯೆ ಸಾಕು.

ಕರೆಂಟು, ಗ್ಯಾಸು

ಹೊಲಿಗೆ ಯಂತ್ರ ಇಟ್ಟರೆ ಮನೆಯ ಮೀಟರನ್ನು ಕಮರ್ಷಿಯಲ್ ಮಾಡುತ್ತಾರೆ, ಗೃಹಜ್ಯೋತಿ ತಪ್ಪುತ್ತದೆ ಎಂಬ ಮಾತು ಊರುಗಳಲ್ಲಿ ಓಡಾಡುತ್ತದೆ. ವಿದ್ಯುತ್ ನಿಯಂತ್ರಣ ಆಯೋಗದ ಗೃಹಬಳಕೆ ದರಪಟ್ಟಿ ಈ ವಿಷಯದಲ್ಲಿ ಉದಾರವಾಗಿದೆ. ವಾಸದ ಮನೆಯ ಒಂದು ಭಾಗದಲ್ಲಿ ಮನೆಯವರೇ ನಡೆಸುವ ಕೈಮಗ್ಗ, ರೇಷ್ಮೆ ಸಾಕಣೆ, ಹೊಲಿಗೆ, ಚಿನ್ನಬೆಳ್ಳಿ ಕೆಲಸ, ಟೈಪಿಂಗ್, ಬ್ಯೂಟಿ ಪಾರ್ಲರ್, ಇಸ್ತ್ರಿ ಮುಂತಾದವನ್ನು ಅದು ಗೃಹಬಳಕೆಯ ವರ್ಗದಲ್ಲೇ ಸೇರಿಸುತ್ತದೆ. ಕುಶಲಕರ್ಮಿಗಳ ಮೋಟಾರಿಗೆ 200 ವ್ಯಾಟ್‌ನ ಮಿತಿ ಇಟ್ಟಿದೆ. ಹಿಟ್ಟಿನ ಗಿರಣಿ, ದೊಡ್ಡ ಪುಡಿ ಯಂತ್ರ ಈ ಪಟ್ಟಿಯಲ್ಲಿಲ್ಲ. ಅವಕ್ಕೆ ಬೇರೆ ಸಂಪರ್ಕವೇ ಬೇಕು. ಯಂತ್ರ ಕೊಳ್ಳುವ ಮುನ್ನ ವಿದ್ಯುತ್ ಕಂಪನಿ ಸೆಸ್ಕ್‌ನ ಉಪವಿಭಾಗದ ಕಚೇರಿಯಲ್ಲಿ ಕೇಳಿ, ಆ ವರ್ಷದ ದರಪಟ್ಟಿ ನೋಡಿಕೊಂಡರೆ ದಂಡದ ಭಯ ಇರದು.

ಗ್ಯಾಸಿನ ವಿಷಯದಲ್ಲಿ ಇಂಥ ಉದಾರತೆ ಇಲ್ಲ. 14.2 ಕೆ.ಜಿ.ಯ ಮನೆ ಸಿಲಿಂಡರನ್ನು ಮಾರಾಟದ ಅಡುಗೆಗೆ ಬಳಸುವಂತಿಲ್ಲ, 19 ಕೆ.ಜಿ.ಯ ವಾಣಿಜ್ಯ ಸಿಲಿಂಡರ್ ತರಬೇಕು. ಮೇಲಿನ ಚಕ್ಕುಲಿ ಲೆಕ್ಕದಲ್ಲಿ ಗ್ಯಾಸಿಗೆ ಹಿಡಿದದ್ದು ಆ ಸಿಲಿಂಡರಿನ ಖರ್ಚನ್ನೇ. ಮನೆ ಸಿಲಿಂಡರಿನ ಬೆಲೆ ಹಿಡಿದು ಲಾಭ ಎಣಿಸಿದವರ ಲೆಕ್ಕ, ವ್ಯಾಪಾರ ಸ್ವಲ್ಪ ಬೆಳೆದ ಕೂಡಲೇ ತಲೆಕೆಳಗಾಗುತ್ತದೆ.

ಪೊಟ್ಟಣ ಮತ್ತು ಅದರ ಮೇಲಿನ ಚೀಟಿ

ರುಚಿಯಲ್ಲಿ ನಮ್ಮ ಹೆಣ್ಣುಮಕ್ಕಳು ಯಾರಿಗೂ ಕಡಿಮೆಯಿಲ್ಲ. ಅವರ ಸರಕು ಸೋಲುವುದು ಪೊಟ್ಟಣದಲ್ಲಿ. ತೆಳ್ಳಗಿನ ಕವರಿಗೆ ಮೇಣದಬತ್ತಿಯ ಉರಿ ತೋರಿಸಿ ಮುಚ್ಚಿದ ಚಕ್ಕುಲಿ ಹತ್ತು ದಿನಕ್ಕೆ ಮೆತ್ತಗಾಗುತ್ತದೆ, ಎಣ್ಣೆ ವಾಸನೆ ಬರುತ್ತದೆ. ಅಂಗಡಿಯವರು ಒಮ್ಮೆ ವಾಪಸು ಕೊಟ್ಟರೆ ಎರಡನೇ ಸಲ ತೆಗೆದುಕೊಳ್ಳುವುದಿಲ್ಲ. ತೇವ, ಗಾಳಿ ಒಳಗೆ ಬಿಡದ ದಪ್ಪ ಕವರ್ ಮತ್ತು ಬಿಸಿಯಿಂದ ಬಾಯಿ ಮುಚ್ಚುವ ಸೀಲಿಂಗ್ ಯಂತ್ರ, ತೂಕಕ್ಕೆ ಮುದ್ರೆ ಬಿದ್ದ ತಕ್ಕಡಿ: ತಿನಿಸಿನ ಕಸುಬಿಗೆ ಇಳಿಯುವವರು ಒಲೆ ಬಿಟ್ಟರೆ ಮೊದಲು ಕೊಳ್ಳಬೇಕಾದವು ಇವು.

ಚೀಟಿಯ ಮೇಲೆ ಏನಿರಬೇಕೆಂದು ಎರಡು ಕಾನೂನು ಹೇಳುತ್ತವೆ, ಒಂದು ಆಹಾರ ಸುರಕ್ಷತೆಯದು, ಇನ್ನೊಂದು ಅಳತೆ ಮತ್ತು ತೂಕದ್ದು. ಪದಾರ್ಥದ ಹೆಸರು, ಬಳಸಿದ ಸಾಮಾನುಗಳು (ಜಾಸ್ತಿ ಇರುವುದು ಮೊದಲು), ನಿವ್ವಳ ತೂಕ, ಮಾಡಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಬ್ಯಾಚ್ ಸಂಖ್ಯೆ, ತೆರಿಗೆ ಸೇರಿದ ಗರಿಷ್ಠ ಬೆಲೆ, ಮಾಡಿದವರ ಹೆಸರು, ವಿಳಾಸ, ದೂರು ಹೇಳಲು ಫೋನ್ ಸಂಖ್ಯೆ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಸಸ್ಯಾಹಾರವಾದರೆ ಹಸಿರು ಗುರುತು. ಕಡಲೆಬೀಜ, ಹಾಲು, ಗೋಧಿ ಇದ್ದರೆ ಅದನ್ನೂ ತಿಳಿಸಬೇಕು. ಅದು ಒಗ್ಗದವರು ಇರುತ್ತಾರೆ. ರಾಜ್ಯದಲ್ಲಿ ತಯಾರಾದ ಸರಕಿನ ಮೇಲೆ ಹೆಸರು ಮತ್ತು ವಿವರ ಕನ್ನಡದಲ್ಲೂ ಇರಬೇಕೆಂದು 2025ರಲ್ಲಿ ಸರ್ಕಾರ ಆದೇಶಿಸಿದೆ. ಮನೆ ಉದ್ಯಮದವರಿಗೆ ಇದು ಹೊರೆಯಾಗದು, ಕೊಳ್ಳುವವರ ವಿಶ್ವಾಸ ಗಳಿಸಿಕೊಡುತ್ತದೆ. ಬ್ಯಾಚ್ ಸಂಖ್ಯೆಯನ್ನು ಮಾತ್ರ ಯಾರೂ ಹಗುರವಾಗಿ ಕಾಣಬಾರದು. ಒಂದು ದಿನದ ಹುರಿಹಿಟ್ಟು ಕೆಟ್ಟರೆ ಆ ದಿನದ್ದನ್ನಷ್ಟೇ ವಾಪಸು ತರಿಸಬಹುದು. ಸಂಖ್ಯೆ ಇಲ್ಲದಿದ್ದರೆ ಅಂಗಡಿಯಲ್ಲಿರುವ ಅಷ್ಟೂ ಸರಕನ್ನು ಎತ್ತಬೇಕು.

ಬೆಲ್ಲದವರಿಗೆ ಇನ್ನೊಂದು ಮಾತು. ಬಿಳುಪು ಬರಲೆಂದು ಆಲೆಮನೆಗಳಲ್ಲಿ ಹೈಡ್ರೋಸ್ ಎಂಬ ಗಂಧಕದ ರಾಸಾಯನಿಕ ಹಾಕುವ ರೂಢಿಯಿಂದ ಬೆಲ್ಲದ ಹೆಸರು ಕೆಟ್ಟಿದೆ. ಬೆಲ್ಲದಲ್ಲಿ ಉಳಿಯುವ ಗಂಧಕದ ಡೈಆಕ್ಸೈಡ್ ಹತ್ತು ಲಕ್ಷದಲ್ಲಿ 70 ಭಾಗ ಮೀರಬಾರದೆಂಬುದು ಕಾನೂನಿನ ಮಿತಿ. ಬೇರೆಯವರ ಆಲೆಮನೆಯಿಂದ ಬೆಲ್ಲ ತಂದು ಮನೆಯಲ್ಲಿ ಪುಡಿ ಮಾಡಿ, ಕಡಲೆಮಿಠಾಯಿ ಕಟ್ಟಿ ಮಾರುವವರು ಆ ಬೆಲ್ಲ ಎಂಥದೆಂದು ತಿಳಿದೇ ತರಬೇಕು. ಪೊಟ್ಟಣದ ಮೇಲಿರುವುದು ಅವರ ಹೆಸರು.

ಕಲಿಯುವ ಜಾಗಗಳು

ಈ ನಾಲ್ಕು ತಾಲ್ಲೂಕುಗಳ ದೊಡ್ಡ ಅದೃಷ್ಟ ಅವುಗಳ ನೆರೆಹೊರೆ. 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಮೈಸೂರಿನಲ್ಲಿದೆ. ಶ್ರೀರಂಗಪಟ್ಟಣಕ್ಕೆ ಸುಮಾರು 15 ಕಿ.ಮೀ. ಹಿಟ್ಟು, ಮಸಾಲೆ, ಗೊಜ್ಜು, ಬೆಲ್ಲ, ಕುರುಕಲು ತಿನಿಸು ಎಷ್ಟು ದಿನ ಕೆಡದಿರುತ್ತವೆ, ಹೇಗೆ ಇಟ್ಟರೆ ಉಳಿಯುತ್ತವೆ ಎಂದು ಪರೀಕ್ಷಿಸಿ ಹೇಳಬಲ್ಲವರು ಅಲ್ಲಿದ್ದಾರೆ. ಕಿರು ಅವಧಿಯ ತರಬೇತಿಗಳೂ ನಡೆಯುತ್ತವೆ. ದೇಶದ ಬೇರೆ ರಾಜ್ಯಗಳಿಂದ ಜನ ಹುಡುಕಿಕೊಂಡು ಬರುವ ಸಂಸ್ಥೆ ಇದು. ಪಾಲಹಳ್ಳಿಯ, ಮೇಲುಕೋಟೆಯ ಗೊಜ್ಜಿನವರು ಒಂದು ಬಸ್ ಹತ್ತಿದರೆ ಅಲ್ಲಿರುತ್ತಾರೆ. ಒಬ್ಬೊಬ್ಬರೇ ಹೋದರೆ ಪರೀಕ್ಷೆಯ ಶುಲ್ಕ ಭಾರ. ಹತ್ತು ಮನೆಯವರು ಸೇರಿ ಒಂದೇ ಪಾಕವಿಧಾನ, ಒಂದೇ ಪೊಟ್ಟಣ ಎಂದು ಒಪ್ಪಿಕೊಂಡು ಹೋದರೆ ಹಂಚಿಕೆಯಾಗುತ್ತದೆ.

ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ಸಂಶೋಧನಾ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ ಇವೆ; ಕಬ್ಬು, ಬೆಲ್ಲ, ಸಿರಿಧಾನ್ಯದ ಪ್ರಶ್ನೆಗಳಿಗೆ ಅದೇ ಸರಿಯಾದ ಬಾಗಿಲು. ಬ್ಯಾಂಕುಗಳು ಜಿಲ್ಲೆಗೊಂದರಂತೆ ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿ ಸಮೇತ ಉಚಿತ ತರಬೇತಿ ಸಿಗುತ್ತದೆ. ಇವಕ್ಕೆಲ್ಲ ಮಾದರಿಯಾದದ್ದು 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟಿ. ಕರ್ನಾಟಕದಲ್ಲಿ ಹುಟ್ಟಿದ ಈ ಯೋಚನೆಯನ್ನು ಮುಂದೆ ದೇಶವೇ ಎತ್ತಿಕೊಂಡಿತು. ತರಬೇತಿ ಮುಗಿದ ಮೇಲೂ ಎರಡು ವರ್ಷ ಕಲಿತವರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕೆಂಬುದು ಆ ಪದ್ಧತಿಯ ಜೀವಾಳ. ಪ್ರಮಾಣಪತ್ರ ತೆಗೆದುಕೊಂಡು ಸುಮ್ಮನಾಗದೆ ಆ ಎರಡು ವರ್ಷವನ್ನು ಹಕ್ಕಿನಿಂದ ಕೇಳಿ ಬಳಸಿಕೊಳ್ಳಬೇಕು.

ಹಣ: ಯಾವ ಸಾಲ, ಯಾವಾಗ

ಲೆಕ್ಕ, ನೋಂದಣಿ, ಒಂದಷ್ಟು ತಿಂಗಳ ಮಾರಾಟ ಕೈಯಲ್ಲಿದ್ದಾಗ ಸಾಲದ ಮಾತು. ಮೊದಲ ಹೆಜ್ಜೆಗೆ ಸ್ವಸಹಾಯ ಸಂಘವೇ ಒಳ್ಳೆಯದು. ರಾಜ್ಯದಲ್ಲಿ ಸಂಜೀವಿನಿ ಎಂದು ಕರೆಯುವ ಜೀವನೋಪಾಯ ಅಭಿಯಾನದ ಮಹಿಳಾ ಸಂಘಗಳಿಗೆ 3 ಲಕ್ಷದವರೆಗಿನ ಬ್ಯಾಂಕ್ ಸಾಲ ಶೇ 7ರ ಬಡ್ಡಿಗೆ ಸಿಗುತ್ತದೆ. ಒಬ್ಬರೇ ತೆಗೆದುಕೊಳ್ಳುವುದಾದರೆ 2015ರಲ್ಲಿ ಶುರುವಾದ ಮುದ್ರಾ: ಶಿಶು ವರ್ಗದಲ್ಲಿ 50 ಸಾವಿರದವರೆಗೆ, ಕಿಶೋರದಲ್ಲಿ 5 ಲಕ್ಷದವರೆಗೆ, ತರುಣದಲ್ಲಿ 10 ಲಕ್ಷದವರೆಗೆ. ಇದಕ್ಕೆ ಮನೆ, ಜಮೀನು ಅಡ ಇಡಬೇಕಿಲ್ಲ. ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ 18ರಿಂದ 55 ವರ್ಷದ, ಆದಾಯ ಮಿತಿಯೊಳಗಿನ ಹೆಣ್ಣುಮಕ್ಕಳಿಗೆ 3 ಲಕ್ಷದವರೆಗಿನ ಸಾಲಕ್ಕೆ ಸಹಾಯಧನ ಇದೆ. ಪರಿಶಿಷ್ಟರಿಗೆ ಅರ್ಧದಷ್ಟು, ಉಳಿದವರಿಗೆ ಶೇ 30, ಗರಿಷ್ಠ 90 ಸಾವಿರ. ಇದಕ್ಕೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು.

ಯಂತ್ರ ಹಾಕಿ ಕಿರು ಘಟಕ ಮಾಡುವ ಹಂತಕ್ಕೆ ಬಂದವರಿಗೆ ಎರಡು ದಾರಿ. ಆಹಾರದ್ದಾದರೆ 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣಾ ಘಟಕಗಳ ಪಿಎಂಎಫ್‌ಎಂಇ ಯೋಜನೆ. ಶೇ 35 ಸಹಾಯಧನಕ್ಕೆ ಕರ್ನಾಟಕ ಶೇ 15 ಸೇರಿಸಿ ಒಟ್ಟು ಅರ್ಧ, ಗರಿಷ್ಠ 15 ಲಕ್ಷ ಕೊಡುತ್ತ ಬಂದಿದೆ. ಮಂಡ್ಯಕ್ಕೆ 'ಒಂದು ಜಿಲ್ಲೆ ಒಂದು ಉತ್ಪನ್ನ'ದಡಿ ಗೊತ್ತಾದದ್ದು ಬೆಲ್ಲ. ಬೇರೆ ತಿನಿಸಿನವರೂ ಅರ್ಜಿ ಹಾಕಬಹುದು. ಅರ್ಜಿ, ಯೋಜನಾ ವರದಿ ಬರೆಯಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಆಹಾರವಲ್ಲದ್ದಾದರೆ ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ. ಗ್ರಾಮೀಣ ಭಾಗದಲ್ಲಿ ಸಾಮಾನ್ಯರಿಗೆ ಶೇ 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು ಮುಂತಾದವರಿಗೆ ಶೇ 35 ಸಹಾಯಧನ. ಮಂಡ್ಯದ ಜಿಲ್ಲಾ ಕೈಗಾರಿಕಾ ಕೇಂದ್ರ ಇದರ ಬಾಗಿಲು. ಎರಡರಲ್ಲೂ ಸಹಾಯಧನ ನಗದಾಗಿ ಕೈಗೆ ಬರುವುದಿಲ್ಲ; ಮೂರು ವರ್ಷ ಬ್ಯಾಂಕಿನಲ್ಲೇ ಇದ್ದು, ಘಟಕ ನಡೆಯುತ್ತಿದ್ದರೆ ಸಾಲಕ್ಕೆ ಜಮೆಯಾಗುತ್ತದೆ. 'ಸಬ್ಸಿಡಿ ಹಣ ತೆಗೆದುಕೊಡ್ತೀನಿ' ಎಂದು ಬರುವ ದಲ್ಲಾಳಿಗೆ ಇಷ್ಟು ಹೇಳಿದರೆ ಸಾಕು. ಯೋಜನೆಗಳಿಗೆ ಅವಧಿ ಇರುತ್ತದೆ, ವರ್ಷದ ಗುರಿ ಇರುತ್ತದೆ. ಅರ್ಜಿಗೆ ಮುಂಚೆ ಎರಡನ್ನೂ ಕೇಳಿಕೊಳ್ಳಬೇಕು.

ಕುಲಕಸುಬಿನವರಿಗೆ 2023ರ ಸೆಪ್ಟೆಂಬರ್ 17ರಂದು ಬಂದ ಪಿಎಂ ವಿಶ್ವಕರ್ಮ ಇದೆ. ಕಮ್ಮಾರಿಕೆ, ಬಡಗಿ, ಅಕ್ಕಸಾಲೆ, ಕುಂಬಾರಿಕೆ, ಶಿಲ್ಪ, ದರ್ಜಿ, ಹೂ ಕಟ್ಟುವುದು, ಬುಟ್ಟಿ ಚಾಪೆ ಪೊರಕೆ ನಾರಿನ ಕೆಲಸ ಸೇರಿ 18 ಕಸುಬುಗಳು. ತರಬೇತಿಯ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15 ಸಾವಿರದವರೆಗಿನ ವೋಚರ್, ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ. ಇಷ್ಟು ಅಗ್ಗದ ಸಾಲ ಅಪರೂಪ. ಆದರೆ ಹಿಂದಿನ ಐದು ವರ್ಷದಲ್ಲಿ ಮುದ್ರಾ ಸಾಲ ಪಡೆದು ತೀರಿಸದೆ ಇರುವವರಿಗೆ, ಉದ್ಯೋಗ ಸೃಜನ ಕಾರ್ಯಕ್ರಮದ ಸಾಲ ಪಡೆದವರಿಗೆ ಇದು ಸಿಗುವುದಿಲ್ಲ, ಮನೆಗೊಬ್ಬರಿಗೆ ಮಾತ್ರ. ನಾಗಮಂಗಲದ ನಾರಿನ ಕೆಲಸದವರಾಗಲಿ, ಕೆ.ಆರ್. ಪೇಟೆಯ ದರ್ಜಿಯಾಗಲಿ ಮೊದಲು ಶೇ 5ರ ಈ ಬಾಗಿಲು ತಟ್ಟಿ, ಬೇರೆ ಸಾಲದ ಯೋಚನೆ ಆಮೇಲೆ ಮಾಡುವುದು ಜಾಣತನ.

ಕೊನೆಯ ಮಾತು ವಾರದ ಕಂತಿನ ಸಾಲದ್ದು. ಮನೆ ಬಾಗಿಲಿಗೇ ಬಂದು ಕೊಡುವ ಆ ಹಣ ಸುಲಭ. ಆದರೆ ಅಂಗಡಿಯವರು ಸರಕಿನ ದುಡ್ಡು ಕೊಡುವುದು ಇಪ್ಪತ್ತು, ಮೂವತ್ತು ದಿನಕ್ಕೆ. ಕಂತು ಬರುವುದು ಏಳು ದಿನಕ್ಕೆ. ನಡುವಿನ ಮೂರು ಕಂತಿಗೆ ಇನ್ನೊಂದು ಕಡೆ ಸಾಲ ಮಾಡಬೇಕಾಗುತ್ತದೆ, ಅದನ್ನು ತೀರಿಸಲು ಮತ್ತೊಂದು. ಮಂಡ್ಯ ಜಿಲ್ಲೆಯೂ ಸೇರಿ ರಾಜ್ಯದ ಹಳ್ಳಿಗಳಲ್ಲಿ ಈ ಸುಳಿಗೆ ಸಿಕ್ಕ ಕುಟುಂಬಗಳ ನೋವು ಎಷ್ಟಾಯಿತೆಂದರೆ 2025ರ ಫೆಬ್ರುವರಿಯಲ್ಲಿ ಬಲವಂತದ ವಸೂಲಿ ತಡೆಯಲು ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ತಪ್ಪಿತಸ್ಥರಿಗೆ ಹತ್ತು ವರ್ಷದವರೆಗೆ ಜೈಲು. ಬೆದರಿಕೆ ಬಂದರೆ ಪೊಲೀಸ್ ಠಾಣೆಗೆ ಹೋಗುವ ಹಕ್ಕು ಈಗ ಕಾನೂನಿನದು. ಗೃಹಲಕ್ಷ್ಮಿಯ 2,000 ರೂಪಾಯಿ ಕೂಡಿಟ್ಟು ಹೊಲಿಗೆ ಯಂತ್ರ ಕೊಂಡವರ ದಾರಿ ಇದಕ್ಕಿಂತ ನಿಧಾನ, ಆದರೆ ನೆಮ್ಮದಿಯದು. ಆ ಹಣ ತಿಂಗಳ ಇಂಥ ದಿನವೇ ಬರುತ್ತದೆಂದು ನಂಬಿ ಯಾವ ಕಂತಿಗೂ ಮಾತು ಕೊಡಬಾರದು.

ಮಾರಾಟ: ರಸ್ತೆ, ಬಸ್ಸು, ಮೊಬೈಲು

2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ದಶಪಥ ರಸ್ತೆ ಉದ್ಘಾಟನೆಯಾದ ಮೇಲೆ ಹಳೆಯ ಹೆದ್ದಾರಿಯ ಊರುಗಳು ಬದಿಗೆ ಸರಿದವು. ಮದ್ದೂರಿನ ವಡೆ, ಚನ್ನಪಟ್ಟಣದ ಬೊಂಬೆ ಅಂಗಡಿಗಳಿಗೆ ಬಿದ್ದ ಪೆಟ್ಟು ಎಲ್ಲರಿಗೂ ಗೊತ್ತು. ಬೈಪಾಸ್ ಆದ ಶ್ರೀರಂಗಪಟ್ಟಣಕ್ಕೂ ದಾರಿಹೋಕ ಗಿರಾಕಿ ಕಡಿಮೆಯಾದ. ದೇವಸ್ಥಾನ, ರಂಗನತಿಟ್ಟು, ಮೇಲುಕೋಟೆ, ಆದಿಚುಂಚನಗಿರಿ ಎಂದು ಉದ್ದೇಶ ಇಟ್ಟುಕೊಂಡು ಬರುವವರು ಮಾತ್ರ ಈಗಲೂ ಬರುತ್ತಾರೆ. ಮನೆಯ ಸರಕು ಅವರ ಕಣ್ಣಿಗೆ ಬೀಳಬೇಕಾದರೆ ಗೂಗಲ್ ನಕ್ಷೆಯಲ್ಲಿ ಉಚಿತವಾಗಿ ಹೆಸರು ಸೇರಿಸುವುದು, ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಸರಕಿನ ಫೋಟೊ ಮತ್ತು ಬೆಲೆಯ ಪಟ್ಟಿ ಇಡುವುದು ಖರ್ಚಿಲ್ಲದ ಮೊದಲ ಕೆಲಸ. ಕಿಟಕಿ ಬೆಳಕಿನಲ್ಲಿ, ಬಿಳಿ ಬಟ್ಟೆಯ ಮೇಲಿಟ್ಟು ತೆಗೆದ ಫೋಟೊ ಸಾಕು.

ಕಳಿಸುವುದಕ್ಕೆ ಅಂಚೆ ಇಲಾಖೆಯ ಸ್ಪೀಡ್ ಪೋಸ್ಟ್ ಮತ್ತು ಪಾರ್ಸೆಲ್, ಕೆಎಸ್‌ಆರ್‌ಟಿಸಿ 2021ರಲ್ಲಿ ಶುರುಮಾಡಿದ ನಮ್ಮ ಕಾರ್ಗೋ ಇವೆ. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಮೈಸೂರಿನವರೆಗೆ ಟಿಕೆಟ್ ಉಚಿತ. ಮೂಟೆಗೆ ಲಗೇಜ್ ದರ ಬೇರೆ, ಅದನ್ನು ಲೆಕ್ಕಕ್ಕೆ ಸೇರಿಸಬೇಕು. ಸಂಜೀವಿನಿ ಒಕ್ಕೂಟಗಳ ಸರಕಿಗೆ ರಾಜ್ಯ ಮಟ್ಟದಲ್ಲಿ 'ಅಸ್ಮಿತೆ' ಎಂಬ ಹೆಸರು ಮತ್ತು ಮೇಳಗಳಿವೆ. ಮೇಳದಲ್ಲಿ ಮೂರು ದಿನಕ್ಕೆ ಆಗುವ ಮಾರಾಟಕ್ಕಿಂತ ಅಲ್ಲಿ ಬರೆದುಕೊಂಡು ಬಂದ ಗಿರಾಕಿಗಳ ಫೋನ್ ಸಂಖ್ಯೆ ಹೆಚ್ಚು ಬಾಳುತ್ತದೆ. ಮೋಸದ ಬಗ್ಗೆ ಒಂದು ಸೂತ್ರ ಮನೆಯವರೆಲ್ಲರಿಗೂ ಬಾಯಿಪಾಠವಿರಲಿ: ಹಣ ಬರುವುದಕ್ಕೆ ಪಿನ್ ಒತ್ತಬೇಕಿಲ್ಲ. 'ಆರ್ಡರ್ ಕೊಡ್ತೀವಿ, ಈ ಕೋಡ್ ಸ್ಕ್ಯಾನ್ ಮಾಡಿ' ಎಂದವರು ಕಳ್ಳರು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಏನಿಲ್ಲ, ಏನಾಗಬೇಕು

ಇಷ್ಟೆಲ್ಲ ನೋಡಿದ ಮೇಲೆ ಒಂದು ಸಂಗತಿ ಎದ್ದು ಕಾಣುತ್ತದೆ. ಸಾಲಕ್ಕೆ ಬಾಗಿಲುಗಳು ಹತ್ತು, ತರಬೇತಿಗೆ ನಾಲ್ಕು, ನೋಂದಣಿಗೆ ಮೊಬೈಲೇ ಸಾಕು. ಮಾಡಿದ ಸರಕನ್ನು ಒಂದೇ ಗುಣಮಟ್ಟಕ್ಕೆ ತಂದು, ಪರೀಕ್ಷಿಸಿ, ಪೊಟ್ಟಣ ಕಟ್ಟಿ, ಒಂದೇ ಹೆಸರಿನಲ್ಲಿ ಮಾರಿ, ನಿಗದಿತ ದಿನಕ್ಕೆ ಹಣ ಕೊಡುವ ಜಾಗ ಮಾತ್ರ ಹೋಬಳಿಯಲ್ಲಿ ಇಲ್ಲ. ಹಾಲಿನಲ್ಲಿ ಇದೇ ಕೆಲಸವನ್ನು ಊರಿನ ಡೇರಿ ಮಾಡುತ್ತದೆ. 1959ರಲ್ಲಿ ಮುಂಬೈನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲದಿಂದ ಶುರುಮಾಡಿದ ಲಿಜ್ಜತ್ ಹಪ್ಪಳವೂ ಬೆಳೆದದ್ದು ಹೀಗೆಯೇ: ಹಿಟ್ಟು ಕಲಸುವುದು ಕೇಂದ್ರದಲ್ಲಿ, ಲಟ್ಟಿಸುವುದು ಮನೆಯಲ್ಲಿ, ಪರೀಕ್ಷೆ, ಪೊಟ್ಟಣ, ಮಾರಾಟ ಮತ್ತೆ ಕೇಂದ್ರದಲ್ಲಿ. ಮನೆಯ ಕೈ ಚೆನ್ನಾಗಿ ಮಾಡುವ ಕೆಲಸವನ್ನು ಮಾತ್ರ ಮನೆಗೆ ಬಿಟ್ಟರು.

ಗ್ರಾಮ ಪಂಚಾಯಿತಿ ಮಟ್ಟದ ಸಂಜೀವಿನಿ ಒಕ್ಕೂಟಗಳು ಈ ಕೆಲಸಕ್ಕೆ ತಕ್ಕ ಕೈಗಳು. ಪಿಎಂಎಫ್‌ಎಂಇಯಲ್ಲಿ ಸಾಮೂಹಿಕ ಸೌಲಭ್ಯಕ್ಕೂ ನೆರವಿಗೆ ಅವಕಾಶವಿದೆ. ಸಂಘದ ಸದಸ್ಯೆಯರಿಗೆ ತಲಾ 40 ಸಾವಿರದವರೆಗೆ ಬೀಜಧನವೂ ಉಂಟು. ಬಳಕೆಯಿಲ್ಲದ ಒಂದು ಸರ್ಕಾರಿ ಕಟ್ಟಡ, ಕೈಗಾರಿಕಾ ಸಂಪರ್ಕದ ಕರೆಂಟು, ಒಂದು ಹುರಿಯುವ ಯಂತ್ರ, ಒಂದು ಪುಡಿ ಯಂತ್ರ, ಸೀಲಿಂಗ್ ಯಂತ್ರ, ತೇವ ಅಳೆಯುವ ಮೀಟರ್, ಚೀಟಿ ಮುದ್ರಿಸುವ ಪ್ರಿಂಟರ್, ಲೆಕ್ಕ ಬರೆಯುವ ಸಂಬಳದ ಒಬ್ಬಳು ಹೆಣ್ಣುಮಗಳು. ಬೆಳ್ಳೂರು ಹೋಬಳಿಗೆ ಹುರುಳಿ, ಹುರಿಹಿಟ್ಟು, ಕಿಕ್ಕೇರಿಗೆ ರಾಗಿ, ಕೊಬ್ಬರಿ, ಮೇಲುಕೋಟೆಗೆ ಗೊಜ್ಜು, ಅರಕೆರೆಗೆ ಬೆಲ್ಲದ ತಿನಿಸು. ಅಲ್ಲಿನ ಕೊಡುಕೊಳ್ಳುವಿಕೆಯನ್ನು ಡೇರಿಯಂತೆಯೇ ನಡೆಸಬೇಕು: ತಂದ ದಿನ ತೂಕ, ಗುಣಮಟ್ಟ ನೋಡಿ ಚೀಟಿ, ಹದಿನೈದು ದಿನಕ್ಕೊಮ್ಮೆ ಖಾತೆಗೆ ಹಣ. ಅಂಗಡಿಯವರ ಬಾಕಿಯ ಹೊರೆಯನ್ನು ಒಕ್ಕೂಟ ಹೊರಬೇಕು. ಒಬ್ಬೊಬ್ಬ ಮನೆಯವಳ ತಲೆಯ ಮೇಲೆ ಅದು ಬೀಳಬಾರದು.

ಅಲ್ಲಿಯವರೆಗೆ ಒಬ್ಬೊಬ್ಬರು ಮಾಡಿಕೊಳ್ಳಬೇಕಾದ ಕ್ರಮ ಇಷ್ಟು: ಮೊದಲು ಲೆಕ್ಕ, ಆಮೇಲೆ ನೂರು ರೂಪಾಯಿಯ ನೋಂದಣಿ, ಆಮೇಲೆ ಒಳ್ಳೆಯ ಪೊಟ್ಟಣ, ಮೂರ್ನಾಲ್ಕು ತಿಂಗಳ ಮಾರಾಟ, ಕೊನೆಗೆ ಸಾಲ. ಜನಪ್ರತಿನಿಧಿಗಳು ಊರಿಗೆ ಬಂದಾಗ ಕೇಳಬೇಕಾದದ್ದು ಇನ್ನೊಂದು ಸಾಲ ಮೇಳವನ್ನಲ್ಲ, ಹೋಬಳಿಗೊಂದು ಸಾಮೂಹಿಕ ಘಟಕವನ್ನು. ಕಲಸುವ, ಹುರಿಯುವ, ಹೊಲಿಯುವ ಕೈಗಳು ಈ ನಾಲ್ಕು ತಾಲ್ಲೂಕುಗಳಲ್ಲಿ ಸಾಕಷ್ಟಿವೆ. ಸಹಕಾರದಿಂದ ಹಾಲು ಮಾರಿ ಬದುಕು ಕಟ್ಟಿಕೊಂಡ ಜಿಲ್ಲೆ ಅದೇ ಪಾಠವನ್ನು ಹುರಿಹಿಟ್ಟಿಗೂ ಗೊಜ್ಜಿಗೂ ಹೊಲಿಗೆಗೂ ವಿಸ್ತರಿಸುವುದು ಕಷ್ಟದ ಕೆಲಸವಲ್ಲ. ಮುಂದಿನ ಗ್ರಾಮಸಭೆಯಲ್ಲೇ ಈ ಬೇಡಿಕೆಯನ್ನು ನಡಾವಳಿ ಪುಸ್ತಕಕ್ಕೆ ಬರೆಸಬಹುದು.